ಒಂದು ಕೂಸು, ಎರಡು ಹುಟ್ಟುಹಬ್ಬ, ಮನೆ ತುಂಬ ಜನ

2024ರ ನವೆಂಬರ್ 1, ಶುಕ್ರವಾರ. ಊರೆಲ್ಲ ರಾಜ್ಯೋತ್ಸವದ ಬಾವುಟ, ಪಂಚಾಂಗದಲ್ಲಿ ಆಶ್ವಯುಜ ಬಹುಳ ಅಮಾವಾಸ್ಯೆ. ಅವತ್ತು ಬೆಳಗ್ಗೆ ಬೆಂಗಳೂರಿನಲ್ಲಿ ಹುಟ್ಟಿದ ಒಂದು ಹೆಣ್ಣುಕೂಸನ್ನು ಕಲ್ಪಿಸಿಕೊಳ್ಳಿ. ಅಜ್ಜಿ ತಿಪಟೂರಿನಲ್ಲಿ, ಸೋದರತ್ತೆ ಹುಬ್ಬಳ್ಳಿಯಲ್ಲಿ, ಚಿಕ್ಕಪ್ಪ ನ್ಯೂಜೆರ್ಸಿಯಲ್ಲಿ. ಇಂದಿನ ಕನ್ನಡದ ಮನೆಗಳೆಲ್ಲ ಹೆಚ್ಚು ಕಡಿಮೆ ಹೀಗೇ ನಾಲ್ಕು ದಿಕ್ಕಿಗೆ ಹಂಚಿಹೋಗಿವೆ. ವರ್ಷ ತುಂಬುವ ಹೊತ್ತಿಗೆ ಮೊದಲ ಜಗಳ ಶುರು. 2025ರ ನವೆಂಬರ್ 1 ಶನಿವಾರ ಬಂದಿದೆ, ಹಾಲ್ ಬುಕ್ ಮಾಡೋಣ ಎಂದು ಅಪ್ಪ. ಫೋನಿನ ಆ ಕಡೆ ಅಜ್ಜಿ: “ನವೆಂಬರ್ ಒಂದು ಅಂದ್ರೇನೋ? ಪುಟ್ಟಿ ಹುಟ್ಟಿದ್ದು ದೀಪಾವಳಿ ಅಮಾಸೆಗೆ. ಈ ಸಲ ಅಮಾಸೆ ಅಕ್ಟೋಬರ್ ಇಪ್ಪತ್ತೊಂದಕ್ಕೇ ಬಂತು. ಅವತ್ತೇ ಎಣ್ಣೆ ನೀರು ಹಾಕಿ ಆರತಿ ಮಾಡಬೇಕು ಕಣೋ.”

ಇಬ್ಬರದೂ ತಪ್ಪಲ್ಲ. ಒಬ್ಬರ ಗಡಿಯಾರ ಸೂರ್ಯನದು, ಇನ್ನೊಬ್ಬರದು ಚಂದ್ರನದು, ಅಷ್ಟೇ.

ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ತಿಂಗಳಿಗೆ 354 ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಅದಕ್ಕೇ ತಿಥಿಯ ಹುಟ್ಟುಹಬ್ಬ ವರ್ಷವರ್ಷವೂ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಹೀಗೇ ಬಿಟ್ಟರೆ ಯುಗಾದಿ ಚಳಿಗಾಲಕ್ಕೆ ಹೋದೀತು ಎಂದು ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಪಂಚಾಂಗದವರು ಒಂದು ಅಧಿಕ ಮಾಸ ಸೇರಿಸುತ್ತಾರೆ. 2026ರಲ್ಲಿ ಜ್ಯೇಷ್ಠ ಎರಡು ಸಲ. ಹಾಗಾಗಿ ಆ ವರ್ಷ ದೀಪಾವಳಿ ಅಮಾವಾಸ್ಯೆ ಒಮ್ಮೆಲೇ ನವೆಂಬರ್ 9ಕ್ಕೆ ಜಿಗಿಯುತ್ತದೆ. ಮೊದಲ ವರ್ಷ ಅಜ್ಜಿಯ ಹುಟ್ಟುಹಬ್ಬ ಹನ್ನೊಂದು ದಿನ ಮುಂಚೆ, ಎರಡನೇ ವರ್ಷ ಎಂಟು ದಿನ ತಡ. ಎರಡು ಲೆಕ್ಕಗಳೂ ಒಂದೇ ಕಡೆ ಬಂದು ನಿಲ್ಲಬೇಕಾದರೆ ಹತ್ತೊಂಬತ್ತು ವರ್ಷ ಕಾಯಬೇಕು. ಹತ್ತೊಂಬತ್ತು ಸೌರ ವರ್ಷಕ್ಕೂ 235 ಚಾಂದ್ರಮಾಸಕ್ಕೂ ಇರುವ ವ್ಯತ್ಯಾಸ ಎರಡು ಗಂಟೆಯಷ್ಟೇ. 2005ರಲ್ಲೂ ದೀಪಾವಳಿ ನವೆಂಬರ್ ಒಂದರ ಸುಮಾರಿಗೇ ಇತ್ತು. ಈ ಪುಟ್ಟಿಗೆ ಹತ್ತೊಂಬತ್ತಾಗುವ 2043ರಲ್ಲೂ ಅಮಾವಾಸ್ಯೆ ಅಲ್ಲೇ ಸುತ್ತುತ್ತದೆ.

ನಮ್ಮಲ್ಲಿ ದೊಡ್ಡವರ ಹುಟ್ಟುಹಬ್ಬಗಳೂ ಇಂಥ ಆಕಾಶದ ಲೆಕ್ಕದವೇ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರ ಸುತ್ತಿ, ಹುಟ್ಟಿದ ಸಂವತ್ಸರವೇ ಮತ್ತೆ ಬಂದಾಗ ಷಷ್ಟಿಪೂರ್ತಿ. ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರ ಚಂದ್ರದರ್ಶನ. ಗುಣಿಸಿ ನೋಡಿದರೆ ಎಂಬತ್ತು ವರ್ಷ ಹತ್ತು ತಿಂಗಳು. ಈ ಎರಡೂ ಸಂಭ್ರಮಗಳಲ್ಲಿ ಹಾರ ಹಾಕಿಸಿಕೊಳ್ಳುವವರು ಅಜ್ಜ ಅಜ್ಜಿಯಾದರೂ ಅಂಗಳದಲ್ಲಿ ಓಡಾಡುವ ಸೈನ್ಯ ಮೊಮ್ಮಕ್ಕಳದು.

ಇಷ್ಟೆಲ್ಲ ಲೆಕ್ಕ ಇಟ್ಟ ಅಜ್ಜಿಗೆ ತನ್ನ ಹುಟ್ಟಿದ ದಿನ ಗೊತ್ತಿಲ್ಲ. ಆಕೆಯ ಆಧಾರ್ ಕಾರ್ಡಿನಲ್ಲಿ ಜೂನ್ 1 ಎಂದಿದೆ. ಆ ತಲೆಮಾರಿನ ಹಲವರನ್ನು ಕೇಳಿ ನೋಡಿ, ಜೂನ್ 1ರಂದು ಹುಟ್ಟಿದವರ ಸಂತೆಯೇ ಸಿಗುತ್ತದೆ. ಕಾರಣ ಸರಳ. ಶಾಲೆ ಜೂನ್‌ನಲ್ಲಿ ಶುರು. ಅಪ್ಪ ಮಗುವಿನ ಕೈ ಹಿಡಿದು ಸ್ಕೂಲಿಗೆ ಕರೆತಂದರೆ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಬೆರಳಿಗೆ ಕಿವಿ ಸಿಕ್ಕಿದರೆ ವಯಸ್ಸಾಯಿತು ಎಂದರ್ಥ. ದಾಖಲಾತಿ ಪುಸ್ತಕದಲ್ಲಿ ಒಂದು ವರ್ಷ, ಒಂದು ಜೂನ್ 1. ಒಂದನೇ ತರಗತಿಗೆ ಸೇರುವ ಮಗುವಿನ ವಯಸ್ಸನ್ನು ಇಂದಿಗೂ ರಾಜ್ಯದಲ್ಲಿ ಜೂನ್ 1ಕ್ಕೇ ಲೆಕ್ಕ ಹಾಕುತ್ತಾರೆ. ಆದರೆ ಕಿವಿ ಮುಟ್ಟಿಸುವ ಕಾಲ ಹೋಯಿತು. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ಮೇಲೆ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ಹುಟ್ಟಿದ ದಿನದ ಆಧಾರ.

ದಿನಾಂಕವೇ ಗೊತ್ತಿರದ ಕಾಲದಲ್ಲಿ ಮಕ್ಕಳಿಗೆ ಸಂಭ್ರಮ ಇರಲಿಲ್ಲ ಎಂದಲ್ಲ. ಆಗ ಮನೆಯವರು ಎಣಿಸುತ್ತಿದ್ದುದು ಮಗು ಕಲಿತ ವಿದ್ಯೆಗಳನ್ನು. ತೊಟ್ಟಿಲಿಗೆ ಹಾಕಿದ ದಿನ ಒಂದು ಹಬ್ಬ. ಬೋರಲು ಬಿದ್ದರೆ ಒಂದು ತಿಂಡಿ, ಹೊಸಿಲು ದಾಟಿದರೆ ಹೊಸಿಲಿಗೆ ಅರಿಶಿನ ಕುಂಕುಮ, ಮಗುವಿಗೊಂದು ಆರತಿ. ಮೊದಲ ಅನ್ನ, ಮೊದಲ ಹಲ್ಲು, ಮೊದಲ ಕೂದಲು, ಕಿವಿ ಚುಚ್ಚುವುದು. ಪ್ರತಿಯೊಂದಕ್ಕೂ ಒಬ್ಬೊಬ್ಬ ನೆಂಟರು ಬೇಕೇ ಬೇಕು. ಹೆಸರನ್ನು ಕಿವಿಯಲ್ಲಿ ಹೇಳಲು ಸೋದರತ್ತೆ, ಕೂದಲು ತೆಗೆಸುವಾಗ ಮಡಿಲಲ್ಲಿ ಕೂರಿಸಿಕೊಳ್ಳಲು ಸೋದರಮಾವ. ಅವರಿಗೆ ಬಸ್ಸು ಸಿಗದಿದ್ದರೆ ಶಾಸ್ತ್ರವೇ ಮುಂದಕ್ಕೆ.

ಈ ಪದ್ಧತಿಗಳಲ್ಲಿ ಒಂದನ್ನು ಮಾತ್ರ ಮಕ್ಕಳ ವೈದ್ಯರು ಕೈಬಿಡಿ ಎನ್ನುತ್ತಾರೆ. ನಾಮಕರಣದ ದಿನ ನಾಲಿಗೆಗೆ ಜೇನು ಸವರುವುದು. ಜೇನಿನಲ್ಲಿ ಬಾಟುಲಿಸಮ್ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ಅರಗಿಸಿಕೊಳ್ಳುತ್ತದೆ, ವರ್ಷ ತುಂಬದ ಕೂಸಿನ ಕರುಳಿನಲ್ಲಿ ಅದು ಮೊಳೆತು ವಿಷವಾದೀತು. ಅನ್ನಪ್ರಾಶನದ ವಿಷಯದಲ್ಲಿ ಮಾತ್ರ ಅಜ್ಜಿಯೂ ವಿಶ್ವ ಆರೋಗ್ಯ ಸಂಸ್ಥೆಯೂ ಒಂದೇ ಪಕ್ಷ: ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೆ ಮೆದು ಅನ್ನ.

ಹಳೇ ಮೈಸೂರಿನ ಕಡೆ ಮಗುವಿನ ಮೊದಲ ಸಂಕ್ರಾಂತಿಯದು ಇನ್ನೂ ಸೊಗಸು. ಸೂರ್ಯನ ಹಬ್ಬವಾದ್ದರಿಂದ ಇದಕ್ಕೆ ತಿಥಿಯ ತಂಟೆ ಇಲ್ಲ, ಜನವರಿ 14 ಇಲ್ಲವೇ 15. ಸಂಜೆ ಹಜಾರದಲ್ಲಿ ಮಣೆ ಹಾಕಿ ಕೂಸನ್ನು ಕೂರಿಸುತ್ತಾರೆ. ಎಲಚಿ ಹಣ್ಣು, ಕಬ್ಬಿನ ಚೂರು, ಎಳ್ಳು, ಚಿಲ್ಲರೆ ಕಾಸು ಎಲ್ಲ ಒಂದು ಸೇರಿನಲ್ಲಿ ಬೆರೆಸಿ ಮುತ್ತೈದೆಯರು ಮೆಲ್ಲಗೆ ತಲೆಯ ಮೇಲಿಂದ ಸುರಿಯುತ್ತಾರೆ. ಇದೇ ಹಣ್ಣೆರೆಯುವುದು. ಕೆಳಗೆ ಬಿದ್ದದ್ದು ಸುತ್ತ ಕುಕ್ಕರುಗಾಲಲ್ಲಿ ಕಾದಿರುವ ಮಕ್ಕಳ ಪಾಲು. ಸೇರು ಬಗ್ಗಿದ್ದೇ ತಡ, ಹತ್ತು ಕೈ ನೆಲಕ್ಕೆ. ನಡುವಿನ ಕೂಸು ಒಮ್ಮೆ ಬೆಚ್ಚಿ, ಒಮ್ಮೆ ನಕ್ಕು, ಕೊನೆಗೆ ಮಡಿಲಲ್ಲಿ ಸಿಕ್ಕ ರೂಪಾಯಿಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ.

ಎಚ್ಚರ ಬೇಕಾದದ್ದೂ ಅಲ್ಲೇ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ ಎಂಬ ಎಳ್ಳಿನ ಪಂಚಕದಲ್ಲಿ ಎಳ್ಳೊಂದನ್ನು ಬಿಟ್ಟು ಉಳಿದ ನಾಲ್ಕೂ ಪುಟ್ಟ ಶ್ವಾಸನಾಳಕ್ಕೆ ಸರಿಯಾಗಿ ಕೂರುವ ಗಾತ್ರದವು. ಅಗಿಯುವ ದವಡೆ ಹಲ್ಲು ಬರುವ ಮುಂಚೆಯೇ ಮಕ್ಕಳ ಕೈಗೆ ಕಡಲೆಕಾಯಿ ಬೀಜ ಸಿಗುತ್ತದೆ. ನಗುತ್ತಲೋ ಓಡುತ್ತಲೋ ತಿಂದಾಗ ಅದು ಅನ್ನನಾಳ ಬಿಟ್ಟು ಉಸಿರಿನ ದಾರಿ ಹಿಡಿಯುತ್ತದೆ. ಪುಟ್ಟ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಇದು ಪದೇ ಪದೇ ಸಿಗುವಂಥದ್ದು. ನಾಲ್ಕೈದು ವರ್ಷದ ಒಳಗಿನವರಿಗೆ ಇಡೀ ಕಾಳು ಬೇಡ, ಎಳ್ಳನ್ನು ಪುಡಿ ಮಾಡಿ ಬೆಲ್ಲದ ಜೊತೆ ಕಲಸಿ ಕೊಟ್ಟರಾಯಿತು. ಎಲಚಿಯ ಬೀಜ, ನಾಣ್ಯ, ಒಡೆದ ಬಲೂನಿನ ಚೂರು, ಇವೂ ಅದೇ ಪಟ್ಟಿಯವು. ಸಿಕ್ಕಿಹಾಕಿಕೊಂಡರೆ ಕಾಣದ ವಸ್ತುವನ್ನು ಬಾಯಿಗೆ ಬೆರಳು ಹಾಕಿ ಹುಡುಕಬಾರದು, ಅದು ಇನ್ನೂ ಒಳಗೆ ಹೋದೀತು. ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ತಲೆ ತಗ್ಗಿಸಿ ಮಲಗಿಸಿ, ಬೆನ್ನಿನ ನಡುವೆ ಅಂಗೈಯಿಂದ ಐದು ಏಟು ಹಾಕಬೇಕು. ಜೊತೆಯವರು ಆ ಹೊತ್ತಿಗೆ ಆಂಬುಲೆನ್ಸಿಗೆ ಫೋನ್ ಮಾಡಬೇಕು.

ಇನ್ನು ಕೇಕು. ಅದು ನಮ್ಮ ಸಸ್ಯಾಹಾರಿ ಮನೆಗಳ ಒಳಗೆ ಬಂದದ್ದು ಅಯ್ಯಂಗಾರ್ ಬೇಕರಿಯ ಬಾಗಿಲಿನಿಂದ. ಮೊಟ್ಟೆ ಇಲ್ಲ ಎಂಬ ಒಂದು ಮಾತಿಗೆ ಅಜ್ಜಿಯರ ಕಾನೂನು ಸಡಿಲವಾಯಿತು. ಜೊತೆಗೆ ಬಂದ ಹಾಡಿನ ರಾಗ 1893ರದು, ಅಮೆರಿಕದ ಕೆಂಟಕಿಯ ಲೂಯಿವಿಲ್ ಊರಿನ ಹಿಲ್ ಸೋದರಿಯರದ್ದು. ಮಕ್ಕಳ ತರಗತಿಯ ಬೆಳಗಿನ ವಂದನೆಗೆಂದು ಕಟ್ಟಿದ್ದ ರಾಗಕ್ಕೆ ಹುಟ್ಟುಹಬ್ಬದ ಮಾತುಗಳು ಆಮೇಲೆ ಸೇರಿಕೊಂಡವು. ಆ ಮಾತುಗಳ ಹಕ್ಕು ತನ್ನದೆಂದು ದುಡ್ಡು ವಸೂಲಿ ಮಾಡುತ್ತಿದ್ದ ಸಂಗೀತ ಕಂಪನಿಯ ವಾದವನ್ನು ಅಮೆರಿಕದ ನ್ಯಾಯಾಲಯ 2015ರಲ್ಲಿ ತಳ್ಳಿಹಾಕಿತು.

ಆದರೆ ಮೇಣದಬತ್ತಿ ಊದುವಾಗ ಅಜ್ಜಿಗೆ ಇಂದಿಗೂ ಕಸಿವಿಸಿ. ಕನ್ನಡದಲ್ಲಿ ದೀಪ ಆರಿಸು ಎನ್ನುವುದೇ ಅಪಶಕುನ. ‘ದೀಪ ದೊಡ್ಡದು ಮಾಡು’ ಎನ್ನಬೇಕು. ದೊಡ್ಡದು ಮಾಡುವುದೂ ಹೂವಿನಿಂದಲೇ ಹೊರತು ಬಾಯಿಂದ ಊದಿ ಅಲ್ಲ, ಎಂಜಲಾಗುತ್ತದೆ. ಈ ಎಂಜಲಿನ ಲೆಕ್ಕವನ್ನೂ ಒಬ್ಬರು ಹಾಕಿದ್ದಾರೆ. ಅಮೆರಿಕದ ಕ್ಲೆಮ್‌ಸನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೇಣದಬತ್ತಿ ಊದಿದ ಮೇಲೆ ಕೇಕಿನ ಕ್ರೀಮಿನ ಮೇಲಿನ ಬ್ಯಾಕ್ಟೀರಿಯಾ ಸರಾಸರಿ ಶೇ 1,400ರಷ್ಟು ಹೆಚ್ಚಿತ್ತು. ಆರೋಗ್ಯವಂತರಿಗೆ ಇದರಿಂದ ದೊಡ್ಡ ಅಪಾಯವಿಲ್ಲ, ನೆಗಡಿಯ ಮಗು ಊದಿದಾಗ ಮಾತ್ರ ಯೋಚಿಸಬೇಕು. ಅನೇಕ ಮನೆಗಳು ದಾರಿ ಕಂಡುಕೊಂಡಿವೆ: ಬೆಳಗ್ಗೆ ಆರತಿ, ಪಾಯಸ, ಸಂಜೆ ಕೇಕು, ಊದಲು ಮಗುವಿನ ಮುಂದೆ ಬೇರೆಯದೇ ಒಂದು ಪುಟ್ಟ ಕಪ್‌ಕೇಕು.

ಸಂಜೆಯ ಪಾರ್ಟಿ ಎಂದರೆ ಗೊತ್ತಿರುವ ದೃಶ್ಯವೇ. ಕಾರ್ಡಿನಲ್ಲಿ ಆರು ಗಂಟೆ ಎಂದಿರುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನೆಂಟರು ಸೇರುವಾಗ ಏಳೂವರೆ. ಅಷ್ಟು ಹೊತ್ತಿಗೆ ಜರಿಯಂಚಿನ ಲಂಗ, ತಲೆಗೆ ಚುಚ್ಚುವ ಹೇರ್‌ಬ್ಯಾಂಡ್ ಹಾಕಿಸಿಕೊಂಡ ಪುಟ್ಟಿಗೆ ನಿದ್ದೆ ಮೀರಿದೆ. ಸ್ಪೀಕರಿನಲ್ಲಿ ಸಿನಿಮಾ ಹಾಡು, ಮುಖಕ್ಕೆ ಫೋಟೊಗ್ರಾಫರನ ಬೆಳಕು. “ಬಾರೋ ಕಂದ, ನಾನ್ಯಾರು ಹೇಳು” ಎಂದು ದೊಡ್ಡಮ್ಮ ಎತ್ತಿಕೊಂಡರೆ ಕಿಟಾರನೆ ಕಿರುಚಾಟ. “ನಮ್ಮನ್ನ ಗುರುತೇ ಹಿಡಿಯಲ್ಲ ನಿನ್ನ ಮಗಳು” ಎಂದು ದೊಡ್ಡಮ್ಮನಿಗೆ ಮುನಿಸು. ನಿಜವೆಂದರೆ ಏಳೆಂಟು ತಿಂಗಳಿಂದ ಒಂದೂವರೆ ವರ್ಷದವರೆಗೆ ಹೊಸ ಮುಖ ಕಂಡು ಅಳುವುದು ಬೆಳವಣಿಗೆ ಸರಿಯಾಗಿದೆ ಎಂಬುದರ ಗುರುತು: ತನ್ನವರು ಯಾರು, ಹೊರಗಿನವರು ಯಾರು ಎಂದು ಮಗು ಬೇರೆ ಮಾಡಲು ಕಲಿತಿದೆ. ಅಮ್ಮನ ಸೊಂಟದಲ್ಲೇ ಇರಲು ಬಿಟ್ಟು, ಹತ್ತು ನಿಮಿಷ ಮಗುವಿನ ಕಡೆ ನೋಡದೆ ಪಕ್ಕದಲ್ಲಿ ಕೂತು ಬಳೆ ಆಡಿಸುತ್ತಿದ್ದರೆ ಅದೇ ಕೈಚಾಚಿ ಬರುತ್ತದೆ. ಹಳೆಯ ಕಾಲದ ಹೆಂಗಸರಿಗೆ ಈ ಉಪಾಯ ಗೊತ್ತಿತ್ತು, ಅವರು ಹಬ್ಬಕ್ಕೆ ಬಂದರೆ ನಾಲ್ಕು ದಿನ ಉಳಿಯುತ್ತಿದ್ದರಲ್ಲ. ಎರಡು ತಾಸಿನ ಪಾರ್ಟಿಯಲ್ಲಿ ಹತ್ತು ನಿಮಿಷ ಕಾಯುವವರು ಯಾರು?

ಉಳಿಯುವವರೂ ಕಡಿಮೆ, ಬರುವವರೂ ಕಡಿಮೆ. ಇದು ಬರೀ ಸಿಟಿಯವರ ಬಿಗುಮಾನದ ಪ್ರಶ್ನೆಯಲ್ಲ, ಗುಣಾಕಾರದ್ದು. ಅಜ್ಜಿಗೆ ನಾಲ್ಕು ಮಕ್ಕಳು, ಅವರಿಗೆ ನಾಲ್ಕು ನಾಲ್ಕು ಮಕ್ಕಳು ಎಂದಿದ್ದಾಗ ಒಂದು ಮಗುವಿಗೆ ಅಪ್ಪನ ಕಡೆಯೇ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯ ಮಕ್ಕಳು ಹನ್ನೆರಡು ಜನ. ಅಮ್ಮನ ಕಡೆಯೂ ಸೇರಿದರೆ ಇಪ್ಪತ್ತನಾಲ್ಕು. ಇಬ್ಬಿಬ್ಬರಾದರೆ ಎರಡೂ ಕಡೆ ಸೇರಿ ನಾಲ್ಕೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳ ಲೆಕ್ಕ 1.7. ಅಪ್ಪನೂ ಒಬ್ಬನೇ ಮಗ, ಅಮ್ಮನೂ ಒಬ್ಬಳೇ ಮಗಳು ಎಂಬ ಮನೆಯಲ್ಲಿ ಚಿಕ್ಕಪ್ಪ, ಸೋದರತ್ತೆ, ಸೋದರಮಾವ ಎಂಬ ಮಾತುಗಳಿಗೆ ಜನವೇ ಇಲ್ಲ. ಕೂದಲು ತೆಗೆಸುವ ಚೌಲಕ್ಕೆ ಮಡಿಲು ಕೊಡಲು ಅಮ್ಮನ ದೊಡ್ಡಮ್ಮನ ಮಗನನ್ನು ಹುಡುಕಿ ತರುತ್ತಾರೆ.

ಹಾಗಿದ್ದರೂ ದಸರೆ, ದೀಪಾವಳಿಗೆ ಕೆಎಸ್‌ಆರ್‌ಟಿಸಿ ಸಾವಿರಕ್ಕೂ ಹೆಚ್ಚು ಬಸ್ಸುಗಳನ್ನು ಹೆಚ್ಚುವರಿಯಾಗಿ ಬಿಟ್ಟರೂ ಮೆಜೆಸ್ಟಿಕ್ಕಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪಾರ್ಟಿಗೆ ಬಾರದ ನೆಂಟರು ಹಬ್ಬಕ್ಕೆ ಊರಿಗೆ ಬರುತ್ತಾರೆ. ಊರಿನ ಹಬ್ಬದಲ್ಲಿ ಯಾವ ಮಗುವೂ ವೇದಿಕೆಯ ನಡುವೆ ನಿಲ್ಲಬೇಕಾಗಿಲ್ಲ. ಕೆಲಸ ಮಾತ್ರ ಎಲ್ಲರಿಗೂ ಇದೆ. ನಾಗರ ಪಂಚಮಿಯಲ್ಲಿ ಉತ್ತರ ಕರ್ನಾಟಕದ ಮಕ್ಕಳಿಗೆ ಮರಕ್ಕೆ ಕಟ್ಟಿದ ಜೋಕಾಲಿ, ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರನೆ ತಿರುಗಿಸುವ ಆಟ. ಆಡಿ ಬೇಸರವಾದರೆ ಆಟಿಕೆಯನ್ನೇ ತಿನ್ನಬಹುದು. ದಸರೆಯಲ್ಲಿ ಮೈಸೂರು ಕಡೆಯವರಿಗೆ ಬೊಂಬೆ ಕೂರಿಸುವ ಮೆಟ್ಟಿಲು. ಪಟ್ಟದ ಬೊಂಬೆ ಮೇಲಿನ ಸಾಲಿಗೆ, ಅದನ್ನು ಮುಟ್ಟುವ ಹಕ್ಕು ದೊಡ್ಡವರದು. ಕೆಳಗಿನ ಮೆಟ್ಟಿಲಲ್ಲಿ ಪಾರ್ಕು, ಮೃಗಾಲಯ, ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಗಳು, ಅದು ಚಿಣ್ಣರ ರಾಜ್ಯ. ಧಾರವಾಡ, ಗದಗದ ಕಡೆ ದೀಪಾವಳಿಗೆ ಸಗಣಿಯ ಹಟ್ಟೆವ್ವನಿಗೆ ಚೆಂಡುಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸುವುದು ಮಕ್ಕಳ ಪುಟ್ಟ ಬೆರಳುಗಳೇ. ಮಲೆನಾಡಿನಲ್ಲಿ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಬರುವವರೆಗೆ ನಿದ್ದೆ ತಡೆದು ಕೂರುವುದೇ ಒಂದು ಪಂದ್ಯ.

ಪಟಾಕಿಯ ಕೆಲಸ ಮಾತ್ರ ಮಕ್ಕಳದ್ದಲ್ಲ. 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರ ಗಡಿ ಹಾಕಿತು. ಗಡಿಯಾರ ನೋಡದಿದ್ದರೂ ಬಿಸಿ ನೋಡಬೇಕು: ಪಾಪದ್ದೆಂದು ಮಕ್ಕಳ ಕೈಗೆ ಕೊಡುವ ಸುರುಸುರು ಬತ್ತಿಯ ತುದಿ ಸಾವಿರ ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಪ್ರತಿ ದೀಪಾವಳಿಯಲ್ಲೂ ಪಟಾಕಿ ಹಚ್ಚಿದವರ ಜೊತೆ ಸುಮ್ಮನೆ ನಿಂತು ನೋಡುತ್ತಿದ್ದವರೂ ಬರುತ್ತಾರೆ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ನಲ್ಲಿ ನೀರು. ಟೂತ್‌ಪೇಸ್ಟ್, ಶಾಯಿ ಬೇಡ. ಕಣ್ಣಿಗೆ ಕಿಡಿ ಬಿದ್ದರೆ ಉಜ್ಜದೆ ಆಸ್ಪತ್ರೆಗೆ.

ಕಡಲಾಚೆಯ ಚಿಕ್ಕಪ್ಪನ ಕಷ್ಟ ಬೇರೆ. ನ್ಯೂಜೆರ್ಸಿಯಲ್ಲಿ ದೀಪಾವಳಿ ಮಂಗಳವಾರ ಬಂದರೆ ಕನ್ನಡ ಕೂಟ ಅದನ್ನು ಶನಿವಾರ ಮಾಡುತ್ತದೆ. ಪಕ್ಕದ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ದೀಪಾವಳಿ ರಜೆ ಸಿಕ್ಕಿದ್ದೇ 2024ರಲ್ಲಿ, ಪುಟ್ಟಿ ಹುಟ್ಟಿದ ದಿನವೇ. ತಿಪಟೂರಿನಲ್ಲಿ ಸಂಜೆ ಆರೂವರೆಗೆ ಆರತಿ ಎತ್ತಿದರೆ ಅಲ್ಲಿ ಅಕ್ಟೋಬರಿನ ಬೆಳಗ್ಗೆ ಒಂಬತ್ತು. ಚಿಕ್ಕಪ್ಪ ಆಫೀಸಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ವಿಡಿಯೊ ಕಾಲಿನಲ್ಲಿ ಬಂದ. ಪುಟ್ಟಿ ಫೋನನ್ನು ಕಿತ್ತುಕೊಂಡು ಅವನ ಮೂಗು ನೆಕ್ಕಿದಳು.

ಕೊನೆಗೆ 2025ರಲ್ಲಿ ಎರಡೂ ಆಯಿತು. ಅಕ್ಟೋಬರ್ 21ಕ್ಕೆ ತಿಪಟೂರಿನಲ್ಲಿ ಎಣ್ಣೆ ನೀರು, ಹೋಳಿಗೆ. ನವೆಂಬರ್ 1ಕ್ಕೆ ಬೆಂಗಳೂರಿನ ಮನೆಯಲ್ಲೇ, ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ, ಕೇಕು. ಹಾಲ್ ಬುಕ್ ಮಾಡಲಿಲ್ಲ. ಈಗ ಮಗ ಸೊಸೆ ಇನ್ನೊಂದು ಹೂಟ ಹೂಡಿದ್ದಾರೆ. ಎಲ್ಲರ ದಿನವನ್ನೂ ನೆನಪಿಡುವ ಅಮ್ಮನಿಗೆ ಈ ಸಲ ಜೂನ್ 1ಕ್ಕೆ ಕೇಕು ತರುವುದು.

“ಅದು ಮೇಷ್ಟ್ರು ಹುಟ್ಟಿಸಿದ ದಿನ ಕಣೋ, ನಮ್ಮವ್ವ ಹುಟ್ಟಿಸಿದ್ದಲ್ಲ,” ಎಂದು ಅಜ್ಜಿ ತೆಗೆದುಹಾಕಿದರು. ಮಗ ಬಿಡಲಿಲ್ಲ. ಆಗ ಅರಿಶಿನ ಹಚ್ಚಿದ ಪಂಚಾಂಗ ಹೊರಬಂತು. ಕನ್ನಡಕ ಏರಿಸಿ, ಬೆರಳು ಓಡಿಸಿ, ಗೆದ್ದ ದನಿಯಲ್ಲಿ ಹೇಳಿದರು: “ನೋಡು, 2026ರ ಜೂನ್ ಒಂದು ಅಧಿಕ ಜ್ಯೇಷ್ಠದಲ್ಲಿ ಬರುತ್ತೆ. ಅಧಿಕ ಮಾಸದಲ್ಲಿ ಶುಭಕಾರ್ಯ ಮಾಡೋ ಹಾಗಿಲ್ಲ.”

“ಕೇಕಿಗೆ ಅಧಿಕ ಮಾಸ ಇಲ್ಲಮ್ಮ,” ಎಂದ ಮಗ.

ಅಜ್ಜಿ ಪಂಚಾಂಗ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸೊಸೆಯ ಕಡೆ ತಿರುಗಿ ಕೇಳಿದ್ದು ಇಷ್ಟೇ: ಮೊಟ್ಟೆ ಹಾಕಿರಲ್ಲ ತಾನೆ? ಮತ್ತೆ, ಬತ್ತಿ ಊದೋದು ಪುಟ್ಟಿಗೆ ಬಿಡಿ, ನಾನಂತೂ ಊದಲ್ಲ.